ಗಾಲಿಗೆ ಒಂದು ಕಲ್ಲು

ಲಾರಿ ಹೊರಟಾಗ ಅದರಲ್ಲಿ ಡ್ರೈವರ್ ಇರಲಿಲ್ಲ. ಅವನು ಗೇಟಿನಾಚೆ ನಿಂತು ಟೀ ಕುಡಿಯುತ್ತಿದ್ದ. ಕೆಲಸಕ್ಕೆ ಸೇರಿ ಅಂದಿಗೆ ಹತ್ತೊಂಬತ್ತನೆಯ ದಿನ.

ಆ ಸಿಮೆಂಟ್ ಗೋದಾಮಿನ ಯಾರ್ಡು ಗೇಟಿನ ಕಡೆಗೆ ಇಳಿಜಾರು. ನಿಂತ ಗಾಡಿ ಜಾರದಂತೆ ಗಾಲಿಗೆ ಒಂದು ಕಲ್ಲು ಕೊಡುವುದು ಅಲ್ಲಿನ ವಾಡಿಕೆ. ಆ ದಿನ ಯಾರ್ಡಿನಲ್ಲಿ ಹುಡುಕಿದರೂ ಒಂದು ಕಲ್ಲಿಲ್ಲ. ಮೇಲಿನ ಸಾಹೇಬರು ನೋಡಲು ಬರುತ್ತಾರೆಂದು ಸೂಪರ್‌ವೈಸರ್ ಬೆಳಿಗ್ಗೆಯೇ ಎಲ್ಲ ಗುಡಿಸಿ ಆಚೆ ಹಾಕಿಸಿದ್ದ. ಹೊಸ ಡ್ರೈವರ್ ಹೋಗಿ ಕೇಳಿದ.

“ಸಾರ್, ಗಾಲಿಗೆ ಕೊಡೋಕೆ ಕಲ್ಲಿಲ್ಲ.”

“ಹ್ಯಾಂಡ್‌ಬ್ರೇಕ್ ಏನು ಚಂದಕ್ಕೆ ಇಟ್ಟಿದ್ದಾರಾ? ಹೋಗಯ್ಯ, ಗಾಡಿ ನಿಲ್ಸು. ಹೇಳಿದಷ್ಟು ಮಾಡು.”

ಅವನು ನಿಲ್ಲಿಸಿದ. ಹ್ಯಾಂಡ್‌ಬ್ರೇಕ್ ಎಳೆದ. ಗೇರಿನಲ್ಲಿ ಬಿಡುವುದನ್ನು ಮರೆತ. ಅಷ್ಟು ಅವನ ತಪ್ಪು. ಕೂಲಿಗಳು ತುಂಬುತ್ತಿದ್ದಂತೆ ಮೂಟೆಯ ಮೇಲೆ ಮೂಟೆ ಬಿದ್ದು ಭಾರ ಏರಿತು, ಹ್ಯಾಂಡ್‌ಬ್ರೇಕ್ ಒಂದೇ ಸಾಲದಾಯಿತು, ಲಾರಿ ಮೆಲ್ಲಗೆ ಜಾರಿಕೊಂಡು ಹೋಗಿ ಕಾವಲುಗಾರನ ಕೋಣೆಗೆ ನುಗ್ಗಿತು. ಕಾವಲುಗಾರ ಆಗತಾನೇ ನೀರು ಕುಡಿಯಲು ಎದ್ದು ಹೋಗಿದ್ದ. ಅವನ ಕಬ್ಬಿಣದ ಕುರ್ಚಿ ತಟ್ಟೆಯ ಹಾಗೆ ಚಪ್ಪಟೆಯಾಯಿತು.

ಅದೇ ದಿನ ಕೆಲಸ ಹೋಯಿತು. ಕೈಗೊಂದು ಕಾಗದ ಕೊಟ್ಟರು. ‘ಚಾಲಕನ ಅಜಾಗರೂಕತೆಯಿಂದ ಅಪಘಾತ.’ ಅದರಲ್ಲಿ ಕಲ್ಲಿನ ಸುದ್ದಿ ಇರಲಿಲ್ಲ. ಗುಡಿಸಿ ಹಾಕಿಸಿದವನ ಸುದ್ದಿಯೂ ಇರಲಿಲ್ಲ. ಹಾಕಿಸಿದವನೇ ಬರೆದರೆ ಹೇಗಿದ್ದೀತು?

ಹೆಂಡತಿ ಆರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಆ ಒಂದು ಸಾಲನ್ನು ಬೆರಳಿಟ್ಟು ಎರಡು ಸಲ ಓದಿದಳು.

“ಒಲೆಗೆ ಹಾಕ್ರಿ ಇದನ್ನ.”

“ಇದನ್ನ ಹಾಕಬಹುದು ಕಣೇ. ಆ ಕುರ್ಚಿನ ಯಾವ ಒಲೆಗೆ ಹಾಕ್ಲಿ?”

ಗಂಡನ ಕಣ್ಣಿಗೆ ಕಟ್ಟಿದ್ದು ಆ ಕುರ್ಚಿ. ಹೆಂಡತಿಯ ಹೊಟ್ಟೆ ಉರಿಸಿದ್ದು ಇಲ್ಲದ ಆ ಕಲ್ಲು.

ಅಲ್ಲಿಂದ ಎಂಟು ತಿಂಗಳು ಅವನು ತಿರುಗದ ಟ್ರಾನ್ಸ್‌ಪೋರ್ಟ್ ಆಫೀಸಿಲ್ಲ. ಎಲ್ಲ ಕಡೆಯೂ ಎರಡೇ ಪ್ರಶ್ನೆ: ಎರಡು ವರ್ಷ ಅನುಭವ ಇದೆಯಾ? ಹಿಂದಿನ ಕಡೆಯ ಕಾಗದ ಎಲ್ಲಿ? ಅನುಭವ ಬೇಕಾದರೆ ಗಾಡಿ ಕೊಡಬೇಕು, ಗಾಡಿ ಕೊಡಬೇಕಾದರೆ ಅನುಭವ ಬೇಕು. ಮದುವೆ ಆಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆ ಆಗದು. ಒಂದು ಕಡೆ ಗುಮಾಸ್ತ ಕಾಗದವನ್ನು ಎಲ್ಲರಿಗೂ ಕೇಳುವ ಹಾಗೆ ಓದಿ, ಏನಾಯಿತೆಂದು ಇವನ ಬಾಯಿಂದಲೇ ಹೇಳಿಸಿ, “ಡ್ರೈವರ್ ಇಲ್ದೆ ಓಡೋ ಗಾಡಿ ನಮ್ಮಲ್ಲಿ ಇನ್ನೂ ಬಂದಿಲ್ಲಪ್ಪ, ಬಂದ್ಮೇಲೆ ಹೇಳಿ ಕಳಿಸ್ತೀವಿ” ಎಂದ. ಬೆಂಚಿನ ಮೇಲೆ ಕೂತವರೆಲ್ಲ ನಕ್ಕರು. ಅವರಲ್ಲಿ ಗಾಡಿ ಎಲ್ಲೂ ತಾಗಿಸದವನು ಒಬ್ಬನಾದರೂ ಇದ್ದನೇ? ಸಿಕ್ಕಿಬಿದ್ದವನೇ ಕಳ್ಳ.

ಹೆಂಡತಿ ಮನೆಯಲ್ಲಿ ದಿಂಬಿನ ಗವಸು ಹೊಲಿಯುತ್ತಿದ್ದಳು. ಗಂಡ ಕಿಟಕಿಯ ಪಕ್ಕ ಕೂತು, ಬೀದಿಯಲ್ಲಿ ಹೋಗುವ ಲಾರಿಯ ಸದ್ದಿಗೇ ಯಾವ ಗೇರು ಎಂದು ಹೇಳುತ್ತಿದ್ದ. ಅದನ್ನು ಕೇಳಿದರೆ ಅವಳಿಗೆ ಸೂಜಿ ಕಾಣುತ್ತಿರಲಿಲ್ಲ.

ಒಂದು ದಿನ ಅವಳ ತಮ್ಮ ಬಂದ.

“ಭಾವ, ಬ್ರೇಕ್ ಫೇಲ್ ಆಯ್ತು ಅನ್ನಿ, ಮುಗೀತು.”

“ಸುಳ್ಳಲ್ವೇನೋ?”

“ಬ್ರೇಕಿಗೇನು ಬಾಯಿದೆಯಾ, ಇಲ್ಲ ಅನ್ನೋಕೆ?”

ಅವಳಿಗೂ ಅದು ಸರಿ ಎನಿಸಿತು. ಗೋದಾಮಿನವರು ಕಾಗದದಲ್ಲಿ ಕಲ್ಲನ್ನು ನುಂಗಿದರು, ಇವನು ಒಂದು ಗೇರನ್ನು ನುಂಗಿದರೆ ಯಾರ ಗಂಟೇನು ಹೋಗುತ್ತದೆ? ನೀರಿನ ಟ್ಯಾಂಕರ್‌ಗಳ ಒಡತಿಯೊಬ್ಬಳು ಡ್ರೈವರ್ ಹುಡುಕುತ್ತಿದ್ದಾಳೆಂದು ತಿಳಿದಾಗ, ಗಂಡನ ನಾಲಗೆಯನ್ನು ನಂಬದೆ ತಾನೂ ಜೊತೆಗೆ ಹೊರಟಳು. ಕಾಗದವನ್ನು ಮನೆಯಲ್ಲೇ, ಗವಸುಗಳ ಅಡಿಯಲ್ಲಿ ಬಿಟ್ಟು ಬಂದಿದ್ದಳು.

ಒಡತಿ ಮುದುಕಿ. ಎಲ್ಲರೂ ಟ್ಯಾಂಕರ್ ಅಜ್ಜಿ ಎನ್ನುತ್ತಿದ್ದರು. ಹಳೆಯ ಟಯರಿನ ಮೇಲೆ ಕೂತು ಪೈಪಿನ ಸೋರಿಕೆಗೆ ರಬ್ಬರು ಸುತ್ತುತ್ತಿದ್ದಳು. ತಲೆ ಎತ್ತದೆ ಕೇಳಿದಳು.

“ಹಿಂದೆ ಏನಾದ್ರೂ ಗುದ್ದಿದೀಯಾ?”

“ಒಂದು ಸಲ ಅಜ್ಜಿ.”

“ಹೆಂಗೆ?”

ಹೆಂಡತಿ ಹಿಂದಿನಿಂದ ಅವನ ಬೆನ್ನು ಚಿವುಟಿದಳು. “ಬ್ರೇಕು...” ಎಂದು ಶುರು ಮಾಡಿದ. ಅಲ್ಲಿಗೇ ನಿಂತ. ಅಜ್ಜಿ ತಲೆ ಎತ್ತಿದಳು.

“ಬ್ರೇಕಿಗೇನಾಗಿತ್ತು?”

“ಬ್ರೇಕಿಗೆ ಏನೂ ಆಗಿರ್ಲಿಲ್ಲ. ಗೇರಲ್ಲಿ ಬಿಟ್ಟಿರ್ಲಿಲ್ಲ. ಟೀ ಕುಡೀತಿದ್ದೆ.”

ಹೆಂಡತಿ ತಡೆಯಲಾರದೆ ಬಾಯಿ ಹಾಕಿದಳು. “ಗಾಲಿಗೆ ಕೊಡೋಕೆ ಕಲ್ಲಿಲ್ಲ ಅಂತ ಇವ್ರು ಕೇಳಿದ್ರು ಅಜ್ಜಿ! ಬೈದು ಕಳಿಸಿದ್ರು! ಅದನ್ನೂ ಹೇಳ್ರಿ, ಅದಕ್ಕೇನು ಬಾಯಿ ಬಿದ್ದೋಯ್ತಾ?”

ಅಜ್ಜಿ ಪೈಪನ್ನು ಕೆಳಗಿಟ್ಟು ನಕ್ಕಳು. ಬಾಯಲ್ಲಿ ಹಲ್ಲು ನಾಲ್ಕೇ ಇದ್ದವು. “ಈ ವರ್ಷ ಹನ್ನೊಂದು ಜನ ಬಂದ್ರು. ಹನ್ನೊಂದೂ ಜನಕ್ಕೆ ಬ್ರೇಕ್ ಫೇಲು. ಟೀ ಕುಡಿದೋನು ನೀನೊಬ್ಬನೇ ಕಣಪ್ಪ. ಗಾಡಿ ಹತ್ತು, ಓಡಿಸಿ ತೋರ್ಸು.”

ಅರ್ಧ ತುಂಬಿದ ಟ್ಯಾಂಕರ್ ಕೊಟ್ಟಳು. ಪೂರ್ತಿ ತುಂಬಿದ್ದಕ್ಕಿಂತ ಅದು ಕಷ್ಟ. ಒಳಗಿನ ನೀರು ಹಿಂದಕ್ಕೂ ಮುಂದಕ್ಕೂ ಗುದ್ದುತ್ತದೆ. ಅವನು ಸುತ್ತು ಹೊಡೆದು ಬಂದು ಏರಿನಲ್ಲಿ ನಿಲ್ಲಿಸಿ, ಬ್ರೇಕ್ ಎಳೆದು, ಗೇರಿನಲ್ಲಿ ಬಿಟ್ಟು ಇಳಿದ. ಆಮೇಲೆ ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಅದನ್ನು ಕಾಲಿನಿಂದ ಒದ್ದು ಬಿಗಿ ಮಾಡಿ, ಕೀಲಿಯನ್ನು ಅಜ್ಜಿಯ ಕೈಗಿಟ್ಟ.

“ನೀನೇ ಇಟ್ಕೋ” ಎಂದಳು ಅಜ್ಜಿ.

ಇಪ್ಪತ್ತಾರು ವರ್ಷ ಓಡಿಸಿದ. ಅಜ್ಜಿ ಹೋದ ಮೇಲೆ ಅವಳ ಮಗಳ ಕೈಕೆಳಗೂ ಓಡಿಸಿದ. ಒಂದು ಬೆಕ್ಕಿಗೂ ಗಾಡಿ ತಾಗಿಸಲಿಲ್ಲ. ಕೊನೆಗೆ ತೀರಿಕೊಂಡದ್ದು ಲಾರಿಯಲ್ಲಲ್ಲ, ಮನೆಯ ಬಾಗಿಲಲ್ಲಿ, ಬೂಟಿನ ಲೇಸು ಕಟ್ಟುತ್ತಾ. ಒಂದು ಕಾಲಿನದು ಕಟ್ಟಿ ಆಗಿತ್ತು. ಆ ಗಂಟನ್ನು ಹೆಂಡತಿ ಇನ್ನೂ ಬಿಚ್ಚಿಲ್ಲ.

ವಾರದ ಮೇಲೆ ಆ ಸೂಪರ್‌ವೈಸರ್ ಬಂದ. ಈಗ ಅವನು ಗೋದಾಮಿನ ಮ್ಯಾನೇಜರು. ತಲೆ ಬೆಳ್ಳಗಾಗಿತ್ತು, ದನಿ ಹಳೆಯದೇ. ಕುರ್ಚಿ ಎಳೆದು ಕೂತು, ಮನೆ ತುಂಬಿದ್ದ ಜನರ ಮುಂದೆ ಹೇಳಿದ.

“ಒಳ್ಳೇ ಡ್ರೈವರ್ ಕಣಮ್ಮ. ಶುರುವಾಗಿದ್ದು ನಮ್ಮಲ್ಲೇ. ತಿದ್ದಿದ್ದೇ ನಾನು.”

ಅವಳು ಅಳುತ್ತಿದ್ದವಳು ನಿಲ್ಲಿಸಿದಳು.

“ಆ ಯಾರ್ಡಲ್ಲಿ ಈಗ ಗಾಲಿಗೆ ಕೊಡೋಕೆ ಕಲ್ಲಿದೆಯಾ?”

“ಯಾವ ಕಲ್ಲು? ಓ, ಅದಾ... ಈಗಿನ ಗಾಡಿಗೆ ಅದೆಲ್ಲ ಬೇಕಾಗಲ್ಲಮ್ಮ. ಯಾರ್ಡು ಕ್ಲೀನಾಗಿರಬೇಕು ಅಂತ ಮೇಲಿನೋರ ಆರ್ಡರು.”

ಅವನು ಎದ್ದ. ಅವಳೂ ಎದ್ದು ಬಾಗಿಲವರೆಗೆ ಹೋದಳು. ಅವರ ಬೀದಿಯೂ ಇಳಿಜಾರು. ಬಾಗಿಲ ಮುಂದೆ ಅವನ ಹೊಸ ಕಾರು ನಿಂತಿತ್ತು. ಮುಂದಿನ ಎರಡೂ ಗಾಲಿಗೆ ಒಂದೊಂದು ಕಲ್ಲು. ಪಕ್ಕದ ಮನೆಯವರ ಪಾಯದ ಕಲ್ಲಿನ ರಾಶಿಯಿಂದ ಆರಿಸಿ ತಂದು ತಾನೇ ಕೊಟ್ಟಿದ್ದ. ಬೆರಳಿಗೆ ಇನ್ನೂ ಮಣ್ಣು ಮೆತ್ತಿತ್ತು.

ಅವನು ಕಾರಿನೊಳಗೆ ಕೂತು, “ಸ್ವಲ್ಪ ಕಲ್ಲು ತೆಗೀತೀಯಾಮ್ಮ?” ಎಂದ.

ತೆಗೆದಳು. ಎರಡನ್ನೂ ಎದೆಗೆ ಅವಚಿಕೊಂಡು ಬಂದು, ಆಚೆ ಬದಿಯ ಬಾಗಿಲು ತೆಗೆದು, ಅವನ ಪಕ್ಕದ ಸೀಟಿನ ಮೇಲೆ ಇಟ್ಟಳು.

“ತಗೊಂಡ್ಹೋಗಿ. ಯಾರ್ಡಿಗೆ ಬೇಕಾಗುತ್ತೆ” ಎಂದು ಬಾಗಿಲು ಹಾಕಿದಳು.