ಕಾಲೇಜಿನ ಹಿತ್ತಲು ನೋಡಿದ ಅತ್ತೆ

ನಮ್ಮ ಅತ್ತೆಯ ಹೆಬ್ಬೆರಳಿನಲ್ಲಿ ಗೆರೆಗಳೇ ಉಳಿದಿರಲಿಲ್ಲ. ರಬಕವಿಯ ಮಗ್ಗದ ಮುಂದೆ ಕೂತು ಹರಿದ ಎಳೆಗಳನ್ನು ಹೊಸೆದು ಹೊಸೆದು ಅದು ಹೊಳೆಯ ಕಲ್ಲಿನಂತೆ ನುಣ್ಣಗಾಗಿತ್ತು. ರೇಷನ್ ಅಂಗಡಿಯ ಯಂತ್ರ ಆ ಬೆರಳನ್ನು ಒಪ್ಪುತ್ತಿರಲಿಲ್ಲ. ಅಂಗಡಿಯವನು “ಥಂಬ್ ಬರವಲ್ದು ಆಯಿ, ನಾಳಿ ಬಾ” ಎಂದರೆ ಅತ್ತೆ ಅಲ್ಲೇ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದರು.

“ನಾ ಖುದ್ದ ಬಂದೇನಲ್ಲೋ, ಮಾರಿ ನೋಡಿ ಅಕ್ಕಿ ಕೊಡು. ಯಂತ್ರಕ್ಕ ನನ್ನ ಗುರ್ತ ಇಲ್ಲಂದ್ರ ತಪ್ಪು ಅದರದು.”

ಅಕ್ಕಿ ಸಿಕ್ಕ ಮೇಲೆಯೇ ಏಳುತ್ತಿದ್ದರು.

ಬಟ್ಟೆ ಕಂಡರೆ ಆ ಬೆರಳು ಸುಮ್ಮನಿರುತ್ತಿರಲಿಲ್ಲ. ಯಾರ ಸೆರಗಾದರೂ ಸರಿ, ಹಿಡಿದು, ಹೊಳ್ಳಿಸಿ, ಹಿಂಬದಿ ನೋಡಿಯೇ ಮಾತು. ಮಗನಿಗೆ ಹೆಣ್ಣು ನೋಡಲು ನಮ್ಮ ಮನೆಗೆ ಬಂದ ದಿನವೂ ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಉಟ್ಟ ಸೀರೆಯ ಒಳಮೈಯನ್ನು.

ನಾನು ಸಮೀರವಾಡಿ ಕಡೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವರ ಮಗಳು. ನರ್ಸಿಂಗ್ ಡಿಪ್ಲೊಮಾ ಮುಗಿಸಿ ಜಮಖಂಡಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೆ. ಇನ್ನೆರಡು ವರ್ಷ ಓದಿದರೆ ಪದವಿ. ಪದವಿಯಿದ್ದರೆ ಹಳ್ಳಿಯ ಉಪಕೇಂದ್ರದಲ್ಲಿ ನಾನೇ ಹೊಣೆ ಹೊತ್ತು, ಕೂಸಿನಿಂದ ಮುದುಕರವರೆಗೆ ಇಡೀ ಮನೆತನದ ಆರೋಗ್ಯ ನೋಡುವ ಕೆಲಸ. ವಾರ್ಡಿನಲ್ಲಿ ಬರೀ ಹೇಳಿದ್ದು ಮಾಡುವುದು ನನಗೆ ಸಾಕಾಗಿತ್ತು. ಅತ್ತೆಗೆ ಡಿಪ್ಲೊಮಾ, ಪದವಿ ಎರಡೂ ಒಂದೇ: “ಸೂಜಿ ಸಾಲಿ”. “ಇನ್ನೂ ಎಷ್ಟ ಸೂಜಿ ಕಲೀತೀಯವಾ?” ಎಂದು ಗೊಣಗಿದರು. ಬೇಡ ಎನ್ನಲಿಲ್ಲ.

ನನ್ನ ಗಂಡ ದೂರದ ಊರಿನಲ್ಲಿ ಕೆಲಸಕ್ಕಿದ್ದರು. ಕಾಲೇಜು ಹುಡುಕಿದವರು ಭಾವ, ಅತ್ತೆಯ ಹಿರಿಯ ಮಗ.

“ಹೆಸರ ಹಚ್ಚಿದ್ರ ಆತು. ಪರೀಕ್ಷಾಕ್ಕ ಅಷ್ಟ ಹೋಗಿ ಬರೂದು. ಕೆಲಸಾನೂ ಬಿಡೂದ ಬ್ಯಾಡ, ಮನೀನೂ ಬಿಡೂದ ಬ್ಯಾಡ.”

ಕಲಿಯದೆ ಕೈಗೆ ಬರುವ ಕಾಗದ ನನಗೆ ಬೇಡ ಎಂದೆ. ಸೊಸೆಯ “ಬೇಡ”ಕ್ಕೆ ನಮ್ಮ ಮನೆಗಳಲ್ಲಿ ಎಷ್ಟು ತೂಕ? ನೋಡಿಕೊಂಡಾದರೂ ಬರೋಣ ಎಂದು ಭಾವ ಗಾಡಿ ತಂದರು. ಕರೆಯದಿದ್ದರೂ ಅತ್ತೆ ಮುಂದಿನ ಸೀಟಿನಲ್ಲಿ ಕೂತಿದ್ದರು.

ಕಾಲೇಜಿಗೆ ಗಾಜಿನ ಬಾಗಿಲು, ಮೇಲೆ ದೊಡ್ಡ ಬೋರ್ಡು, ಪಕ್ಕದಲ್ಲೇ ಅವರದೇ ಆಸ್ಪತ್ರೆ. ಆಫೀಸಿನವನು ನಮ್ಮ ಕೈಗೆ ತಂಪು ಪಾನೀಯ ಕೊಟ್ಟು ಭಾವನ ಜೊತೆ ಮಾತಿಗಿಳಿದ. ತಿರುಗಿ ನೋಡಿದರೆ ಅತ್ತೆ ಇಲ್ಲ. ಹುಡುಕಿಕೊಂಡು ಹೋದಾಗ ಆಸ್ಪತ್ರೆಯ ಹಿತ್ತಲಿನಲ್ಲಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಅಲ್ಲಿ ಜಾಲಿಕಂಟಿ ಬಿಟ್ಟರೆ ಏನೂ ಇರಲಿಲ್ಲ. ಆಫೀಸಿನವನು ಹಿಂದೆಯೇ ಓಡಿ ಬಂದ.

“ದವಾಖಾನಿ ಅಂದ್ರಿ. ಹಾಸಗಿ ಒಗದು ಎಲ್ಲಿ ಒಣಾ ಹಾಕ್ತೀರಿ?”

“ಲಾಂಡ್ರಿಗೆ ಕೊಡ್ತೀವ್ರಿ, ಅಮ್ಮಾರ.”

“ಪೇಷಂಟ್‌ನೂ ಲಾಂಡ್ರಿಗೇ ಕೊಟ್ಟೀರೇನು? ಒಬ್ಬರೂ ಕಾಣವಲ್ಲರು!”

ನಾನು ಕುಡಿಯದ ತಂಪು ಪಾನೀಯದ ಬಾಟಲಿಯನ್ನು ಅಲ್ಲೇ ಕಿಟಕಿಯ ಮೇಲಿಟ್ಟೆ.

ಮರುವಾರ ನಾನು ಮೊದಲೇ ವಿಚಾರಿಸಿಟ್ಟಿದ್ದ ಹಳೆಯ ಕಾಲೇಜಿಗೆ ಹೋದೆವು. ಜಮಖಂಡಿಯಲ್ಲಿ ಬಸ್ಸು ಬದಲಿಸಿ ಹೋಗಬೇಕು. ಗೋಡೆಯ ಸುಣ್ಣ ಉದುರಿತ್ತು, ಕುಡಿಯಲು ನೀರು ಬೇಕೇ ಎಂದು ಸಹ ಯಾರೂ ಕೇಳಲಿಲ್ಲ. ಅತ್ತೆ ನೇರ ಅದರ ಆಸ್ಪತ್ರೆಯ ಹಿತ್ತಲಿಗೆ ನಡೆದರು. ಉದ್ದುದ್ದ ಹಗ್ಗಗಳ ಮೇಲೆ ಹಸಿ ಚಾದರಗಳು ಹೊಡೆದಾಡುತ್ತಿದ್ದವು. ಕೂಸುಗಳಿಗೆ ಹೊದಿಸುವ ದುಬಟಿ, ಬಾಣಂತಿಯರ ಸೀರೆ, ಎಷ್ಟು ಒಗೆದರೂ ಹೋಗದ ಕಲೆಗಳು. ಅತ್ತೆ ಒಂದು ಚಾದರದ ಅಂಚನ್ನು ಹೆಬ್ಬೆರಳಿನಲ್ಲಿ ತಿಕ್ಕಿ ನೋಡಿದರು.

“ಸವದೈತಿ. ಮಂದಿ ಮಲಗ್ಯಾರ ಇದರ ಮ್ಯಾಲ. ಇಲ್ಲೇ ಕಲಿ.”

ಭಾವ ಸಿಟ್ಟಾದರು. “ಇಲ್ಲಿ ದಿನಾ ಬರಬೇಕಾಗ್ತೈತಿ ಬೇ! ಮನಿ ಯಾರ ನೋಡವ್ರು?”

“ನಾ ಏನ್ ಗ್ವಾಡಿಗಿ ಹಾಕಿದ ಫೋಟೋ ಏನಲೇ?”

ನಾನು ಅವತ್ತೇ ಅರ್ಜಿ ತುಂಬಿದೆ.

ಅತ್ತೆಯನ್ನು ದೇವತೆ ಮಾಡಲಾರೆ. ನಾಲಿಗೆ ಚುರುಕು. ಸಾರಿಗೆ ಉಪ್ಪು ಹೆಚ್ಚಾದರೆ ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ನಾನು ಓದುತ್ತ ಕೂತರೆ ಲೈಟಿನ ಬಿಲ್ಲಿನ ನೆನಪು ಮಾಡುತ್ತಿದ್ದರು. ಆದರೆ ಆ ಎರಡು ವರ್ಷ, ಬೆಳಗಿನ ಬಸ್ಸಿಗೆ ನಾನು ಹೊರಡುವ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದು ಅವರದೇ. ಪಕ್ಕದ ಮನೆಯಾಕೆ ಒಮ್ಮೆ ಕೊಂಕು ತೆಗೆದಳು: “ಸೊಸಿ ಬ್ಯಾಗ್ ಹಾಕ್ಕೊಂಡ ಹೊಂಟಾಳ, ಅತ್ತಿ ರೊಟ್ಟಿ ಬಡ್ಯಾಕತ್ತಾಳ. ಛಲೋ ಆತು ಬಿಡ್ರಿ.”

“ಛಲೋನ ಆಗೇತಿ. ನಾಳಿ ಆಕಿ ಸೂಜಿ ಹಿಡಕೊಂಡ ಬಂದಾಗ ನೀ ಅಷ್ಟ ಕೈ ಮುಂದ ಮಾಡಬ್ಯಾಡ ಮತ್ತ!”

ನಾನು ಬಿಪಿ ನೋಡುವುದನ್ನು ರೂಢಿ ಮಾಡಿಕೊಂಡಿದ್ದು ಅವರ ತೋಳಿನ ಮೇಲೆ. ಮೆತ್ತಗೆ ಪಟ್ಟಿ ಕಟ್ಟಿದರೆ “ಬಿಗಿ ಕಟ್ಟು, ನಾ ಏನ್ ಎಳೀ ಅಲ್ಲ ಹರಿಯಾಕ” ಎಂದು ಗದರುತ್ತಿದ್ದರು. ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟಾಗ ಅವರು ಉಸಿರು ಬಿಗಿಹಿಡಿದು ಮುಚ್ಚಿಡಲು ನೋಡಿದ ಸೀಟಿಯಂಥ ಸದ್ದು ನನಗೆ ಕೇಳಿಸಿತು. ವರ್ಷಗಟ್ಟಲೆ ನುಂಗಿದ ಹತ್ತಿಯ ಧೂಳು. ಔಷಧಿ ಶುರು ಮಾಡಿಸಿದೆ. ತಡವಾಗಿತ್ತು, ಆದರೂ ಉಸಿರು ಹಗುರಾಯಿತು.

ಪದವಿ ಪ್ರಮಾಣಪತ್ರ ಬಂದ ದಿನ ಅತ್ತೆಯ ಕೈಗೇ ಕೊಟ್ಟೆ. ಎರಡೂ ಮನೆತನಗಳಲ್ಲಿ ಅಂಥದ್ದು ಬಂದದ್ದು ಅದೇ ಮೊದಲು. ಅಕ್ಷರ ಬಾರದ ಅತ್ತೆ ಮುಂಬದಿಯನ್ನು ಒಂದು ಗಳಿಗೆ ನೋಡಿ, ಹೊಳ್ಳಿಸಿದರು.

“ಹಿಂದ ಏನೂ ಬರದಿಲ್ಲಲ್ಲ?”

“ಇಲ್ರಿ ಅತ್ತಿ.”

“ಇರಲಿ. ಹಿಂದಿಂದು ನನಗ ಗೊತ್ತೈತಿ.”

ಈಗ ನಾನು ಬೀಳಗಿ ತಾಲೂಕಿನ ಹೊಳೆದಂಡೆಯ ಒಂದು ಊರಿನ ಉಪಕೇಂದ್ರದಲ್ಲಿದ್ದೇನೆ. ಮನೆಭೇಟಿಗೆ ಹೋದರೆ ಪಡಸಾಲೆಯ ಕುರ್ಚಿಯಲ್ಲಿ ಕೂರಿಸುತ್ತಾರೆ. ಕೂತು, ಚಹಾ ಕುಡಿದು, “ಹಿತ್ತಲಾ ನೋಡ್ತೀನ್ರಿ” ಎಂದು ಏಳುತ್ತೇನೆ. ನಿಂತ ನೀರು, ಮುಚ್ಚಿಟ್ಟ ಕೆಮ್ಮು, ಒಲೆಯ ಹೊಗೆಯಲ್ಲಿ ಕೂತ ಬಸುರಿ, ಎಲ್ಲ ಅಲ್ಲೇ ಸಿಗುತ್ತವೆ.

ಕಳೆದ ಚಳಿಗಾಲದಲ್ಲಿ ಅತ್ತೆ ಮನೆಯಲ್ಲೇ, ನನ್ನ ತೋಳಿಗೆ ಒರಗಿ ತೀರಿಕೊಂಡರು. ಈಗ ನಿಜಕ್ಕೂ ಗೋಡೆಯ ಫೋಟೋ ಆಗಿದ್ದಾರೆ. ಮಣ್ಣು ಮಾಡಿ ಬಂದ ಮೇಲೆ ಬಳಗದವರು ಸತ್ತವರ ಹಾಸಿಗೆ ಮನೆಯಲ್ಲಿ ಇಡಬಾರದು, ಹೊರಗೆ ಚೆಲ್ಲಿ ಬಾ ಎಂದರು. ಅದರ ಮೇಲಿದ್ದದ್ದು ಅವರೇ ನೇಯ್ದ ಚಾದರ. ನಾನು ಬಿಸಿನೀರಲ್ಲಿ ಒಗೆದು, ಹಿಂಡಿ, ಹಿತ್ತಲಿನ ಹಗ್ಗದ ಮೇಲೆ ಹರವಿದೆ. ಭಾವ ಬಾಗಿಲಲ್ಲಿ ನಿಂತು ಕೇಳಿದರು: “ಮಂದಿ ಏನಂದಾರು?”

“ಹಿತ್ತಲಕ್ಕ ಬಂದ ನೋಡ್ಲಿರಿ,” ಎಂದೆ.

ಆ ರಾತ್ರಿ ಅದನ್ನೇ ಹೊದ್ದು ಮಲಗಿದೆ.