ಅಮಾವಾಸ್ಯೆಗೆ ಕೆಮ್ಮುವ ಗಾಡಿ

ಬಾಳೇಶನ ಮನೆ ಮುಂದಿನ ತಗಡಿನ ಶೆಡ್ಡಿನಲ್ಲಿ ನಿಂತಿರುವ ಹಾಲುಬಣ್ಣದ ಜರ್ಮನಿ ಕಾರನ್ನು ನೋಡಿದವರು ಮೊದಲು ಕೇಳುವುದು ಒಂದೇ ಮಾತು: ‘ಇದು ನಡೀತೈತೇನ್ರಿ?’ ಬಾಳೇಶ ಜಮಖಂಡಿಯ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್. ದಿನವಿಡೀ ಎರಡೂ ಕಡೆಯವರ ಸುಳ್ಳನ್ನೂ ಖರೆಯನ್ನೂ ಒಂದೇ ಮುಖ ಇಟ್ಟುಕೊಂಡು ಕೇಳಿಸಿಕೊಳ್ಳುವ ಮನುಷ್ಯ. ಆದರೆ ಈ ಒಂದು ಪ್ರಶ್ನೆಗೆ ಮಾತ್ರ ಅವನ ಮುಖ ನಿಲ್ಲುವುದಿಲ್ಲ. ‘ಯಾಕ ನಡಿಯೂದಿಲ್ಲ? ನಾಲ್ಕು ಗಾಲಿ ಅದಾವ, ಕಾಣೂದಿಲ್ಲೇನು?’ ಎಂದು ಸಿಡುಕಿಬಿಡುತ್ತಾನೆ. ನಡೆಯುತ್ತದೆ, ಸುಳ್ಳೇನಲ್ಲ. ಆದರೆ ಅದರ ಮನಸ್ಸು ಬಂದಾಗ.

ಬನಹಟ್ಟಿಯ ನೂಲಿನ ವ್ಯಾಪಾರಿ ಮುರಗೆಪ್ಪನವರು ಒಂದು ಕಾಲದಲ್ಲಿ ಮೆರೆಸಿದ ಗಾಡಿ ಅದು. ಅವರ ಮಕ್ಕಳು ಹೊಸದು ತಂದ ಮೇಲೆ ಗೋದಾಮಿನ ಮೂಲೆಯಲ್ಲಿ ಹತ್ತಿಯ ಧೂಳು ತಿನ್ನುತ್ತ ನಿಂತಿತ್ತು. ಬಾಳೇಶನ ಹೆಂಡತಿ ಪ್ರತಿಮಾಳ ತವರು ಅದೇ ಓಣಿಯಲ್ಲಿ. ಒಮ್ಮೆ ಅಲ್ಲಿಗೆ ಹೋದಾಗ ಮಾತಿನ ನಡುವೆ ಗಾಡಿಯ ಸುದ್ದಿ ಬಂದು, ‘ತಗೊಂಡು ಹೋಗ್ರಿ, ನನಗೂ ಜಾಗಾ ಆಗತೈತಿ’ ಎಂದು ಮುರಗೆಪ್ಪನವರು ಮೋಟರ್‌ಸೈಕಲ್ಲಿನ ರೇಟಿಗೆ ಕೊಟ್ಟುಬಿಟ್ಟರು. ಗಾಡಿ ಜಮಖಂಡಿಗೆ ಬಂದ ದಿನ ಓಣಿಯವರು ಸುಮ್ಮನಿರುತ್ತಾರೆಯೆ? ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂದು ಆಡಿಕೊಂಡರು. ಕೊಡೆ ಹಿಡಿದದ್ದೇನೋ ಹೌದು. ಆದರೆ ಹಿಡಿದದ್ದು ತನ್ನ ತಲೆಯ ಮೇಲಲ್ಲ, ಅವ್ವನ ತಲೆಯ ಮೇಲೆ.

ಅವ್ವ ಕರೆವ್ವ ಹರೆಯವನ್ನೆಲ್ಲ ಕುರಿಗಳ ಹಿಂದೆ ನಡೆದೇ ಕಳೆದವಳು. ಬೀಳಗಿಯ ಕಡೆಯಿಂದ ಹೊಳೆ ದಂಡೆಗೆ, ಹೊಳೆ ದಂಡೆಯಿಂದ ಮುಧೋಳದ ಹೊಲಗಳಿಗೆ, ಬೆನ್ನಿಗೆ ಕಂಬಳಿಯ ಜೋಳಿಗೆ, ಜೋಳಿಗೆಯಲ್ಲಿ ಕೂಸು ಬಾಳೇಶ. ಆ ನಡಿಗೆಯೆಲ್ಲ ಈಗ ಅವಳ ಮೊಣಕಾಲಿಗೆ ಬಂದು ಕೂತಿದೆ. ಬಸ್ಸಿನ ಮೆಟ್ಟಿಲು ಹತ್ತಲಾರಳು, ಆಟೋದ ಕುಲುಕಾಟ ತಾಳಲಾರಳು. ಆದರೆ ಅಮಾವಾಸ್ಯೆ ಬಂತೆಂದರೆ ಬೀಳಗಿಯ ಹತ್ತಿರದ ತನ್ನ ತವರೂರಿಗೆ ಹೋಗಿ ಕುರಿ ಕಾಯುವವರ ದೇವರು ಬೀರಪ್ಪನ ಮುಂದೆ ಕೂರಲೇಬೇಕು. ಉಳಿದ ದಿನಗಳನ್ನು ಅವಳು ದೂಡುತ್ತಿದ್ದುದೇ ಆ ಒಂದು ದಿನಕ್ಕಾಗಿ. ಈ ಗಾಡಿಯ ಹಿಂದಿನ ಸೀಟು ಎಷ್ಟು ಅಗಲವೆಂದರೆ ಅವಳು ಕಾಲು ನೀಡಿಕೊಂಡು ಕೂರಬಹುದಿತ್ತು. ‘ಹಾಸಿಗ್ಯಾಗ ಕುಂತು ದೇವರಿಗಿ ಹೊಂಟಂಗ ಆಗತೈತಿ’ ಎಂದು ಮೊದಲ ಸಲ ಕೂತಾಗ ನಕ್ಕಿದ್ದಳು. ಬಾಳೇಶನಿಗೆ ಅಷ್ಟೇ ಸಾಕಾಗಿತ್ತು.

ಆದರೆ ಗಾಡಿಗೆ ಒಂದು ವಿಚಿತ್ರ ರೋಗ. ಕೋರ್ಟಿಗೆ, ಸಂತೆಗೆ, ಬನಹಟ್ಟಿಗೆ ಮಾತಾಡದೆ ಹೋಗಿಬರುತ್ತಿದ್ದ ಗಾಡಿ ಅಮಾವಾಸ್ಯೆ ದಿನ ಮಾತ್ರ ಊರು ದಾಟಿದ್ದೇ ತಡ ಕೆಮ್ಮಲು ಶುರುವಿಡುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಓಡುವ ಬದಲು ಮುಗ್ಗರಿಸುತ್ತಿತ್ತು. ಎರಡೆರಡು ಟ್ರೇಲರ್ ಕಬ್ಬು ಎಳೆಯುವ ಟ್ರ್ಯಾಕ್ಟರಿನವರು ಕೂಡ ಹಿಂದಿನಿಂದ ಹಾರ್ನ್ ಹೊಡೆದು, ದಾಟಿ, ತಿರುಗಿ ನೋಡಿ ಹಲ್ಲು ಕಿರಿಯುತ್ತಿದ್ದರು. ಹೇಗೋ ಕುಂಟುತ್ತ ಗುಡಿ ಮುಟ್ಟಿ ವಾಪಸು ಬಂದರೆ, ನಾಲ್ಕಾರು ದಿನದಲ್ಲಿ ತನ್ನಿಂದ ತಾನೇ ಮತ್ತೆ ನೆಟ್ಟಗಾಗುತ್ತಿತ್ತು.

ಬಾಳೇಶ ಕಲಿತ ಮೆಕ್ಯಾನಿಕ್ ಅಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿ, ಪಾನಾ, ಸ್ಕ್ರೂಡ್ರೈವರ್ ಹಿಡಿದು, ಕೈ ಕೆತ್ತಿಸಿಕೊಂಡು ಕಲಿತವನು. ಕೋರ್ಟಿನ ಅಭ್ಯಾಸವನ್ನೇ ಇಲ್ಲೂ ಹೂಡಿದ. ಪ್ಲಗ್ಗುಗಳನ್ನು ಕಟಕಟೆಗೆ ಹತ್ತಿಸಿದ, ಪೆಟ್ರೋಲ್ ಪಂಪನ್ನು ಹತ್ತಿಸಿದ, ಬಿರುಕು ಬಿಟ್ಟ ರಬ್ಬರ್ ಪೈಪುಗಳನ್ನು ಒಂದೊಂದಾಗಿ ಬದಲಿಸಿದ. ಯಾರ ಮೇಲೂ ಆರೋಪ ಸಾಬೀತಾಗಲಿಲ್ಲ. ದೊಡ್ಡ ಊರಿನ ಗ್ಯಾರೇಜಿಗೆ ಒಯ್ದರೆ ಅಷ್ಟು ಹೊತ್ತಿಗೆ ಗಾಡಿ ನೆಟ್ಟಗಾಗಿರುತ್ತಿತ್ತು. ‘ಏನೂ ಆಗಿಲ್ಲಲ್ರಿ ಇದಕ್ಕ’ ಎಂದು ಅವರು ಇವನ ಮುಖವನ್ನೇ ಅನುಮಾನದಿಂದ ನೋಡುತ್ತಿದ್ದರು. ಎದುರು ಮನೆಯ ಆಟೋ ಮಾಂತೇಶ, ‘ಸಾಹೇಬ್ರ, ಇದಕ್ಕ ಗಾಳಿ ಸೋಂಕೇತಿ, ಲಿಂಬಿಹಣ್ಣ ಕಟ್ರಿ’ ಎಂದ. ಬಾಳೇಶ ಅವನನ್ನು ಗದರಿದ. ಆಮೇಲೆ ಯಾರೂ ನೋಡದ ಹೊತ್ತಿನಲ್ಲಿ ಕಟ್ಟಿದ.

ಕರೆವ್ವ ಸುಮ್ಮನಿರಲಿಲ್ಲ. ಬೀರಪ್ಪನ ಒಕ್ಕಲಿಗೆ ಅರಿಷಿಣದ ಭಂಡಾರಕ್ಕಿಂತ ದೊಡ್ಡ ಔಷಧಿ ಯಾವುದಿದೆ? ಕುರಿ ಮಂಕಾದರೆ ಅವಳು ಅದರ ಹಣೆಗೆ ಭಂಡಾರ ಹಚ್ಚಿ, ಒಂದು ಚಿಟಿಕೆ ಬಾಯಿಗೂ ಹಾಕಿ ಬೆನ್ನು ಸವರುತ್ತಿದ್ದಳು. ಬಾಳೇಶನ ಜ್ವರಕ್ಕೂ ಅದೇ ಮದ್ದು. ಗೋದಾಮಿನ ಹತ್ತಿಯ ಧೂಳಿಗೆ ಗಾಡಿ ಮೊದಲ ಸಲ ಕೆಮ್ಮಿದ ಮೇಲೆ ಅವನನ್ನು ಕೇಳಿದಳು: ‘ಇದು ಉಸರ ಎಲ್ಲಿಂದ ತಗೋತೈತೋ ಬಾಳ್ಯಾ?’ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದವನಿಗೆ ಖುಷಿಯೇ ಆಯಿತು. ಬಾನೆಟ್ ಎತ್ತಿ ತೋರಿಸಿದ. ‘ಇಲ್ಲಿ ನೋಡ ಯವ್ವಾ, ಲೈಟಿನ ಬಾಜೂಕ. ಈ ಕರೇ ಬಾಯಿ ಐತೆಲ್ಲ, ಇಲ್ಲಿಂದ ಗಾಳಿ ಎಳಕೋತೈತಿ.’

ಅಂದಿನಿಂದ ಅದೊಂದು ಪದ್ಧತಿಯಾಯಿತು. ಅಮಾವಾಸ್ಯೆ ಬೆಳಿಗ್ಗೆ ಹೊರಡುವ ಮುಂಚೆ ಬಾನೆಟ್ ಎತ್ತಿಸುವಳು, ಇಂಜಿನ್ ಚಾಲೂ ಮಾಡಿಸುವಳು. ನಿಂತ ಗಾಡಿಗೆ ಹಾಕಿದರೆ ಆಗದೇ ಎಂದು ಪ್ರತಿಮಾ ಕೇಳಿದ್ದಕ್ಕೆ, ‘ನಿಂತ ಗಾಡಿ ಹೆಣ ಇದ್ದಂಗ. ಹೆಣಕ್ಕ ಯಾರರ ಔಷಧ ಹಾಕ್ತಾರೇನಬೇ?’ ಎಂದಿದ್ದಳು. ಇಂಜಿನ್ ಗುರುಗುಡುವಾಗ ‘ಬೀರಪ್ಪಾ’ ಎಂದು ಒಂದು ಮುಷ್ಟಿ ಭಂಡಾರವನ್ನು ಆ ಕರಿ ಬಾಯಿಗೆ ಹಿಡಿಯುವಳು. ಗಾಡಿ ಅದನ್ನು ಸರ್ರನೆ ಒಳಗೆ ಎಳೆದುಕೊಳ್ಳುವುದನ್ನು ನೋಡಿ ಅವಳಿಗೆ ಸಮಾಧಾನ. ದಾರಿಯಲ್ಲಿ ಗಾಡಿ ಕೆಮ್ಮಿತೋ, ಔಷಧ ಕಡಿಮೆಯಾಯಿತೆಂದು ಮುಂದಿನ ತಿಂಗಳು ಮುಷ್ಟಿ ಇನ್ನಷ್ಟು ದೊಡ್ಡದು.

ಇಷ್ಟು ಹೇಳಿದ ಮೇಲೆ ನಿಮಗೆ ತಿಳಿದಿರಬೇಕು. ಬಾಳೇಶನಿಗೆ ಮಾತ್ರ ತಿಳಿಯಲಿಲ್ಲ. ಅವ್ವನ ಭಂಡಾರವನ್ನು ಅನುಮಾನಿಸುವ ಮನೆಯಲ್ಲಿ ಅವನು ಹುಟ್ಟಿರಲಿಲ್ಲ. ಅದೂ ಅಲ್ಲದೆ, ಗಾಳಿಯ ದಾರಿಯಲ್ಲಿ ಫಿಲ್ಟರ್ ಕೂತಿದೆಯಲ್ಲ? ಆ ಗಾಡಿಯ ಅಸಲಿ ಫಿಲ್ಟರ್ ಸಿಗದೆ, ಟ್ರ್ಯಾಕ್ಟರಿನದನ್ನು ಕೊಯ್ದು, ಅಂಚಿಗೆ ಸೈಕಲ್ ಟ್ಯೂಬಿನ ರಬ್ಬರ್ ಅಂಟಿಸಿ ಅವನೇ ಕೂಡಿಸಿದ್ದ. ಮಾಡಿದ ದಿನ ಅದರ ಫೋಟೋ ತೆಗೆದು ಇಡೀ ಕೋರ್ಟಿಗೆ ತೋರಿಸಿದ್ದ. ಗಾಡಿಯ ಎಲ್ಲವನ್ನೂ ಬಿಚ್ಚಿ ನೋಡಿದವನು ತಾನು ಮಾಡಿದ್ದನ್ನು ಮಾತ್ರ ಬಿಚ್ಚಿ ನೋಡಲಿಲ್ಲ.

ಕೊನೆಗೊಂದು ಅಮಾವಾಸ್ಯೆಯಂದು ಗಾಡಿ ಕೆಮ್ಮಲೂ ಇಲ್ಲ; ಬೀಳಗಿ ರಸ್ತೆಯಲ್ಲಿ ಅರ್ಧಕ್ಕೆ ನಿಂತೇಬಿಟ್ಟಿತು. ಕರೆವ್ವ ಜಾಲಿಯ ನೆರಳಿಗೆ ಕೂತಳು. ಅದೇ ಗುಡಿಗೆ ಹೊರಟಿದ್ದವರ ಟೆಂಪೋ ಒಂದು ನಿಂತಿತು. ಅದರಲ್ಲಿದ್ದವರು ‘ಬಾರಬೇ ಆಯಿ, ಹತ್ತು’ ಎಂದು ಕೈ ಚಾಚಿದರು. ಅವಳು ಎದ್ದು ಹೋಗಿ, ಒಂದು ಕಾಲೆತ್ತಿ ನೋಡಿ, ಆಗದೆ ಮತ್ತೆ ಬಂದು ಕೂತಳು. ಟೆಂಪೋ ಕಣ್ಮರೆಯಾಗುವವರೆಗೂ ನೋಡುತ್ತಿದ್ದಳು. ಟ್ರ್ಯಾಕ್ಟರೊಂದು ಗಾಡಿಯನ್ನು ಎಳೆದು ತಂದು ಮನೆ ಮುಟ್ಟಿಸಿದ ಮೇಲೆ ಮೆಲ್ಲಗೆ ಹೇಳಿದಳು.

‘ಬೀರಪ್ಪ ಒಲ್ಲೆ ಅನ್ನಾಕತ್ತಾನ ಬಾಳ್ಯಾ. ಬರಬ್ಯಾಡ ಅನ್ನಾಕತ್ತಾನ.’

‘ಮಷೀನ್ ಯವ್ವಾ ಅದು. ಕೆಡತೈತಿ.’

‘ಅಮಾಸಿ ದಿನಾನ ಯಾಕ ಕೆಡತೈತಿ? ಕುರಿ ಮಾರಿದ್ವಿ. ದೊಡ್ಡಿ ಕಿತ್ತು ಅದ ಜಾಗಾದಾಗ ಇದನ್ನ ತಂದು ನಿಲ್ಲಿಸಿದ್ವಿ. ಅವನ ಜೀವ ಇದ್ದಲ್ಲಿ ಕಬ್ಬಿಣ ಇಟ್ಟೀವಿ. ಸಿಟ್ಟು ಬರೂದಿಲ್ಲೇನು ಅವಗ?’

ಕುರಿ ಮಾರಿದ್ದು ಅವನಿಗೆ ನೌಕರಿ ಸಿಕ್ಕ ಮೇಲೆ, ಮಾರಿಸಿದವನೂ ಅವನೇ. ಆ ನೋವನ್ನು ಅವಳು ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದಾಳೆಂದು ಅವನಿಗೆ ತಿಳಿದದ್ದು ಅಂದೇ. ಅಂದಿನಿಂದ ಕರೆವ್ವ ‘ಅಮಾಸಿ ಯಾವಾಗ’ ಎಂದು ಕೇಳುವುದನ್ನು ಬಿಟ್ಟಳು. ಸಂಜೆ ಕಟ್ಟೆಗೆ ಕೂತು ಡೊಳ್ಳಿನ ಹಾಡು ಗುನುಗುತ್ತಿದ್ದವಳು ಅದನ್ನೂ ಬಿಟ್ಟಳು. ಊಟಕ್ಕೆ ಕರೆದರೆ ಬರುತ್ತಿದ್ದಳು, ಉಣ್ಣುತ್ತಿದ್ದಳು, ಎದ್ದು ಹೋಗುತ್ತಿದ್ದಳು.

ಮುಂದಿನ ಎರಡನೇ ಶನಿವಾರ ಕೋರ್ಟಿಗೆ ರಜೆ. ಬೇರೇನೂ ಉಳಿದಿರಲಿಲ್ಲವೆಂದು ಬಾಳೇಶ ಫಿಲ್ಟರಿನ ಪೆಟ್ಟಿಗೆ ಬಿಚ್ಚಿದ. ಬಿಚ್ಚಿ ಹಾಗೇ ನಿಂತ. ಪೆಟ್ಟಿಗೆಯ ತುಂಬ ಅರಿಷಿಣ. ಫಿಲ್ಟರಿನ ಒಂದು ಮೂಲೆಯಲ್ಲಿ ರಬ್ಬರ್ ಬಿಟ್ಟುಕೊಂಡು ಬೆರಳು ತೂರುವಷ್ಟು ಕಂಡಿಯಾಗಿತ್ತು. ಆ ಕಂಡಿಯಿಂದ ಒಂದು ಹಳದಿ ದಾರಿ ಸೀದಾ ಒಳಗೆ, ಗಾಳಿ ಅಳೆಯುವ ಸೆನ್ಸರಿನವರೆಗೆ ಹೋಗಿತ್ತು. ಆ ಸೆನ್ಸರಿನಲ್ಲಿ ಕೂದಲಿನಷ್ಟು ಸಣ್ಣ ತಂತಿಯೊಂದು ಕಾಯುತ್ತಿರುತ್ತದೆ. ಎಷ್ಟು ಗಾಳಿ ಬಂತೆಂದು ಅದು ಹೇಳಿದರೆ ಅದಕ್ಕೆ ತಕ್ಕಂತೆ ಪೆಟ್ರೋಲ್ ಹೋಗುತ್ತದೆ. ಅದಕ್ಕೆ ಭಂಡಾರ ಮೆತ್ತಿದರೆ ಲೆಕ್ಕ ತಪ್ಪಿ ಇಂಜಿನ್ ಮುಗ್ಗರಿಸುತ್ತದೆ. ಅಂಟಿದ ಕಸವನ್ನು ತಂತಿ ತಾನೇ ಕೆಂಪಗೆ ಕಾದು ಸುಟ್ಟುಕೊಳ್ಳುತ್ತದೆ, ಅದಕ್ಕೇ ನಾಲ್ಕಾರು ದಿನಕ್ಕೆ ಗಾಡಿ ನೆಟ್ಟಗಾಗುತ್ತಿದ್ದುದು. ಬಾಳೇಶನಿಗೆ ಮೊದಲು ನಗು ಬಂತು. ಆಮೇಲೆ ಅವ್ವನ ನೆನಪಾಗಿ ನಗು ನಿಂತಿತು.

ಮುಂಬೈಯಿಂದ ಅಸಲಿ ಫಿಲ್ಟರ್ ತರಿಸಿದ. ಪೆಟ್ಟಿಗೆಯಲ್ಲಿದ್ದ ಭಂಡಾರವನ್ನು ಒರೆಸಿ ಎಸೆಯಲು ಕೈ ಬರದೆ, ಬ್ರಷ್ಷಿನಿಂದ ಗುಡಿಸಿ ಒಂದು ಸ್ಟೀಲ್ ವಾಟಿಗೆ ತುಂಬಿಟ್ಟ. ತಂತಿ ತೊಳೆದ. ತುಬಚಿಯವರೆಗೆ ಹೋಗಿ ಬಂದ. ಗಾಡಿ ಒಂದು ಸಲವೂ ಕೆಮ್ಮಲಿಲ್ಲ. ಉಬ್ಬಿಕೊಂಡು ಅವ್ವನ ಮುಂದೆ ನಿಂತ.

‘ಗಾಡಿ ಛಲೋ ಆತು ಯವ್ವಾ. ಅಮಾಸಿಗಿ ಹೋಗೂಣು.’

‘ಏನಾಗಿತ್ತ ಅದಕ್ಕ?’

ಬಾಳೇಶ ಬೇರೆ ಕಡೆ ನೋಡುತ್ತ ಹೇಳಿದ, ‘ಧೂಳ ಕುಂತಿತ್ತು.’

‘ಹ್ವಾದ ಸಲಾನೂ ಛಲೋ ಆಗೇತಿ ಅಂದಿದ್ದಿ. ನಾ ಒಲ್ಲೆಪಾ. ಕರೀಲಾರದ ಮನಿಗಿ ಹೋಗಬಾರದು.’

ಗಾಡಿ ರಿಪೇರಿಯಾಗಿತ್ತು, ಕೂರುವವಳೇ ಇರಲಿಲ್ಲ. ಪ್ರತಿಮಾಳಿಗೆ ಎಲ್ಲ ಹೇಳಿದ. ಅವಳು ರೊಟ್ಟಿ ಬಡಿಯುತ್ತಲೇ ಹೇಳಿದಳು, ‘ಇದ್ದದ್ದ ಇದ್ದಂಗ ಹೇಳಿಬಿಡ್ರಿ. ದೇವರ ಬ್ಯಾಡ ಅಂದಾನ ಅಂತ ಕೊರಗೂದಕಿಂತ ತನ್ನ ಕೈಯಿಂದ ಕೆಟ್ಟೈತಿ ಅಂತ ತಿಳಿಯೂದು ಹಗರ.’ ಬಾಳೇಶನಿಗೆ ಹಾಗನ್ನಿಸಲಿಲ್ಲ. ಕುರಿ ಹೋದವು, ಕಾಲು ಹೋದವು, ದೇವರೂ ಮುಖ ತಿರುಗಿಸಿದನೆಂದು ಕೂತಿದ್ದಾಳೆ. ಅವಳ ಕೈಯಲ್ಲಿ ಉಳಿದದ್ದು ಆ ಒಂದು ಮುಷ್ಟಿ ಭಂಡಾರ. ಅದೇ ಗಾಡಿ ಕೆಡಿಸಿತು ಎಂದರೆ ಇನ್ನೇನು ಉಳಿಯಿತು? ಅವನಿಗೆ ನಿಜಕ್ಕೂ ಹೆದರಿಕೆಯಾಯಿತು. ಹೇಳದೆ ಅಮಾವಾಸ್ಯೆಯವರೆಗೂ ದಿನ ದೂಡಿದ. ಕೋರ್ಟಿನಲ್ಲಿ ಬೇರೆಯವರಿಗೆ ತಾರೀಖು ಕೊಟ್ಟು ಕೊಟ್ಟು, ತನಗೂ ತಾನೇ ಕೊಟ್ಟುಕೊಳ್ಳುವುದು ರೂಢಿಯಾಗಿತ್ತು.

ಅಮಾವಾಸ್ಯೆ ಬೆಳಿಗ್ಗೆ ಕರೆವ್ವ ಎದ್ದು, ಮಿಂದು, ಕಟ್ಟೆಗೆ ಕೂತಿದ್ದಳು. ಎಲ್ಲಿಗೂ ಹೋಗುವವಳಲ್ಲ, ಆದರೂ ಮಿಂದಿದ್ದಳು. ಅದನ್ನು ನೋಡಿ ಬಾಳೇಶನಿಗೆ ತಡೆಯಲಾಗಲಿಲ್ಲ. ಅವಳ ಕೈ ಹಿಡಿದು ಶೆಡ್ಡಿಗೆ ಕರೆತಂದು ಸ್ಟೂಲಿನ ಮೇಲೆ ಕೂರಿಸಿದ. ಬಾನೆಟ್ ಎತ್ತಿದ, ಫಿಲ್ಟರಿನ ಪೆಟ್ಟಿಗೆ ತೆರೆದ.

‘ಯವ್ವಾ, ಗಾಡಿ ನಿಲ್ಲಿಸಿದ್ದು ದೇವರಲ್ಲ. ಭಂಡಾರ. ನೀ ಬಾಯಾಗ ಹಾಕಿದ್ದು ಒಳಗ ಹೋಗಿ ತಂತಿಗಿ ಹತ್ತಿತ್ತು. ಫಿಲ್ಟರ್ ನೆಟ್ಟಗ ಇದ್ದಿದ್ರ ಅಲ್ಲೇ ನಿಲ್ತಿತ್ತು. ಕಂಡಿ ಬಿಟ್ಟಾಂವ ನಾನು. ನನ್ನ ತಪ್ಪೂ ಐತಿ.’ ತಗ್ಗಿಸಿದ ತಲೆಯನ್ನು ಎತ್ತದೆ ಒಂದೇ ಉಸಿರಿಗೆ ಹೇಳಿ ಮುಗಿಸಿ, ಸ್ಟೀಲ್ ವಾಟಿಯನ್ನು ಮುಂದಿಟ್ಟ.

ಕರೆವ್ವ ಅವನ ತಪ್ಪಿನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ವಾಟಿ ನೋಡಿದಳು. ಎದ್ದು ಬಂದು ಪೆಟ್ಟಿಗೆಯೊಳಗೆ ಬೆರಳು ಹಾಕಿ ಮೂಲೆಯನ್ನು ಉಜ್ಜಿದಳು. ಎಷ್ಟು ಗುಡಿಸಿದರೂ ಹೋಗದ ಹಳದಿ ಬೆರಳಿಗೆ ಹತ್ತಿತು. ಮೂಸಿ ನೋಡಿದಳು.

‘ಇದು ನಾ ಹಾಕಿದ್ದೇನೋ?’

‘ಹೂಂ.’

‘ಎಲ್ಲಾ ತಿಂಗಳದ್ದೂ?’

‘ಎಲ್ಲಾ ತಿಂಗಳದ್ದೂ ಯವ್ವಾ.’

‘ಹೊರಗ ಚೆಲ್ಲಿಲ್ಲ?’

ಯಾಕೆ ಕೇಳುತ್ತಿದ್ದಾಳೆಂದು ಅವನಿಗೆ ಗೊತ್ತಾಗಲಿಲ್ಲ. ‘ಇಲ್ಲ. ಎಲ್ಲಾ ಒಳಗ ಹೋಗೇತಿ.’

ಕರೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ಆದದ್ದು ಆಗಿಹೋಯಿತು, ಹೇಳಬಾರದಿತ್ತು ಎಂದು ಬಾಳೇಶ ಹಣೆ ಬಡಿದುಕೊಂಡ. ಅವಳ ಭುಜ ಹಿಡಿಯಲು ಹೋದ. ಅವಳು ಅವನ ಕೈ ಕೊಡವಿ, ಮುಖವೆತ್ತಿ, ಅಳುತ್ತಲೇ ನಕ್ಕಳು.

‘ಬೀರಪ್ಪ ಒಲ್ಲೆ ಅಂದಿಲ್ಲಲೋ ಬಾಳ್ಯಾ. ಒಂದ್ ಕಾಳೂ ಬಿಟ್ಟಿಲ್ಲ. ಕೊಟ್ಟಿದ್ದೆಲ್ಲಾ ತಗೊಂಡಾನ.’

ಬಾಳೇಶ ತಿಂಗಳುಗಟ್ಟಲೆ ಹುಡುಕಿದ್ದು ಗಾಡಿಯ ರೋಗವನ್ನು. ಅವಳು ಇದೇ ಗಾಡಿಯಲ್ಲಿ ಬೇರೆಯೇ ಒಂದಕ್ಕೆ ಉತ್ತರ ಹುಡುಕುತ್ತಿದ್ದಳು. ಕಣ್ಣು ಒರೆಸಿಕೊಂಡು ಇಂಜಿನ್ ಚಾಲೂ ಮಾಡಿದ. ಪ್ರತಿಮಾ ಬಾಗಿಲಲ್ಲಿ ನಿಂತು, ಅತ್ತೆಯ ಕೈ ರೂಢಿಯಂತೆ ಭಂಡಾರದ ಚೀಲಕ್ಕೆ ಹೋದದ್ದನ್ನು ನೋಡಿ ಒಂದು ಹೆಜ್ಜೆ ಮುಂದೆ ಬಂದಳು. ಕರೆವ್ವ ಮುಷ್ಟಿ ತುಂಬಿಕೊಂಡು ಆ ಕರಿ ಬಾಯಿಯ ಹತ್ತಿರ ಹೋದಳು, ಒಂದು ಕ್ಷಣ ನಿಂತಳು, ಕೈ ಹಿಂದೆಗೆದಳು.

‘ಇವತ್ತ ಬಾಯಾಗ ಬ್ಯಾಡ. ಹೊಟ್ಟಿ ತುಂಬೇತಿ ಇದಕ್ಕ’ ಎಂದಳು. ಬಾನೆಟ್ ಹಾಕಿಸಿ ಅದರ ಮೇಲೆ ಹಚ್ಚಿದಳು, ಮಗನ ಹಣೆಗೆ ಹಚ್ಚಿದಳು, ಉಳಿದದ್ದನ್ನು ತನ್ನ ಹಣೆಗೆ ಬಳಿದುಕೊಂಡಳು. ಆಮೇಲೆ ಹಿಂದಿನ ಸೀಟಿಗೆ ಹತ್ತಿ, ಕಾಲು ನೀಡಿ, ಬಾಗಿಲು ತಾನೇ ಎಳೆದುಕೊಂಡಳು.

‘ನಡೀಪಾ ಲಗೂನ. ಹ್ವಾದ ತಿಂಗಳ ಹೋಗಿಲ್ಲ, ದಾರಿ ನೋಡಾಕತ್ತಿರತಾನ.’