ಕೈ ಎತ್ತಿದ್ದು ಪಾಠ ಹೇಳಲು

ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯರಿಬ್ಬರು ಸಿಂಗಸಂದ್ರದ ನಮ್ಮ ಮನೆಗೆ ಬಂದಿದ್ದರು. ಜಾಲಹಳ್ಳಿಯ ಕಾನ್ವೆಂಟ್ ಶಾಲೆಯಲ್ಲಿ ದೊಡ್ಡ ಸಮಾರಂಭವಂತೆ. ಅಲ್ಲೇ ಓದಿ, ಅಲ್ಲೇ ಪಾಠ ಹೇಳಿ, ಅಲ್ಲೇ ನಿವೃತ್ತಳಾದವಳು ನಾನು, ಹಾಗಾಗಿ ವೇದಿಕೆಯ ಮೇಲೆ ಐದು ನಿಮಿಷ ಮಾತಾಡಬೇಕಂತೆ. "ಸಿಸ್ಟರ್‌ಗಳು ನಿಮ್ಮನ್ನ ಹೇಗೆ ಬೆಳೆಸಿದ್ರು ಅಂತ ಹೇಳಿ ಮಿಸ್. ಸ್ವಲ್ಪ ಪಾಸಿಟಿವ್ ಆಗಿರ್ಲಿ," ಎಂದಳು ಒಬ್ಬಳು. ಬೆಳೆಸಿದರು, ಸುಳ್ಳಲ್ಲ. ಆದರೆ ನಾನು ಅವರ ಜೊತೆ ಜಗಳವಾಡಿಕೊಂಡೇ ಬೆಳೆದವಳು. ಅದನ್ನು ಬಿಟ್ಟು ಮಾತಾಡಿ ಎಂದರೆ ನನಗೆ ಬಾಯೇ ಬರುವುದಿಲ್ಲ. ಆಗುವುದಿಲ್ಲ ಎಂದು ಹೇಳಿ, ಕಾಫಿ ಕೊಟ್ಟು ಕಳಿಸಿದೆ. ಹೇಳಬೇಕಾದ್ದನ್ನು ಇಲ್ಲಿ ಬರೆಯುತ್ತೇನೆ, ಇಲ್ಲಿ ಯಾರೂ ಮೈಕ್ ಕಿತ್ತುಕೊಳ್ಳಲಾರರು.

ನನ್ನಪ್ಪ ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್. ನಮ್ಮದು ಕ್ವಾರ್ಟರ್ಸ್ ಮನೆ. ನಾವು ಕನ್ನಡ ಕ್ರೈಸ್ತರು. ಸಂಜೆ ಅಜ್ಜಿ ಮುಂದೆ ಕೂತು ಜಪಸರ ಹೇಳಿಸುತ್ತಿದ್ದಳು, ತೂಕಡಿಸಿದರೆ ತೊಡೆ ಚಿವುಟುತ್ತಿದ್ದಳು. ಶಾಲೆಯಲ್ಲಿ ಎರಡು ಥರದ ಟೀಚರುಗಳಿದ್ದರು. ಬಿಳಿ ಅಂಗಿ, ತಲೆಗೆ ಮುಸುಕು ತೊಟ್ಟ ಸಿಸ್ಟರುಗಳು ಒಂದು ಥರ. ಸೀರೆ ಉಟ್ಟು ಬರುವ ಮಿಸ್ಸುಗಳು ಇನ್ನೊಂದು ಥರ. ಬೇರೆ ಕಡೆ ಹೇಗಿತ್ತೋ ಗೊತ್ತಿಲ್ಲ, ನಮ್ಮ ಶಾಲೆಯಲ್ಲಿ ಮಿಸ್ಸುಗಳು ಬಾಳಿಕೆ ಬರುತ್ತಿರಲಿಲ್ಲ. ಮದುವೆಯಾದ ಕೂಡಲೇ ಅವರಿಗೆ ಬೀಳ್ಕೊಡುಗೆ. ಹೋಗುತ್ತೇನೆ ಎಂದು ಅವರು ಹೇಳಬೇಕಾಗಿಯೂ ಇರಲಿಲ್ಲ, ಹೋಗುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ನನಗೆ ಅಕ್ಷರ ಕಲಿಸಿದ ಮಿಸ್ ಹಾಗೇ ಹೋದರು. ಭೂಗೋಳದ ಮಿಸ್ ಅಂತೂ ನದಿಗಳ ಪಾಠವನ್ನು ಅರ್ಧಕ್ಕೆ ಬಿಟ್ಟು ಹೋದರು. ಸಿಸ್ಟರುಗಳು ಮಾತ್ರ ಉಳಿಯುತ್ತಿದ್ದರು. ಬೆನ್ನು ಬಾಗಿದರೂ ಸೀಮೆಸುಣ್ಣ ಅವರ ಕೈಯಲ್ಲೇ ಇರುತ್ತಿತ್ತು.

ನನಗೋ ಟೀಚರ್ ಆಗುವ ಹುಚ್ಚು. ಅಡುಗೆಮನೆಯ ಬಾಗಿಲ ಹಿಂದೆ ಇದ್ದಿಲಿನಲ್ಲಿ ಗುಣಾಕಾರ ಬರೆದು ತಮ್ಮನಿಗೆ ಪಾಠ ಹೇಳುತ್ತಿದ್ದೆ, ಅಮ್ಮನ ಕೈಯಲ್ಲಿ ಒದೆ ತಿನ್ನುತ್ತಿದ್ದೆ. ಹಾಗಿರುವಾಗ, ಏಳನೇ ಕ್ಲಾಸಿನಲ್ಲಿ, ಹಿಂದೂ ಹುಡುಗಿಯರೆಲ್ಲ ಪಕ್ಕದ ಕೋಣೆಗೆ ನೀತಿಪಾಠಕ್ಕೆ ಹೋಗಿ ನಾವು ಕ್ರೈಸ್ತರಷ್ಟೇ ಧರ್ಮೋಪದೇಶಕ್ಕೆ ಉಳಿದಿದ್ದ ಒಂದು ದಿನ, ಹೊರಗಿನಿಂದ ಬಂದ ಸಿಸ್ಟರ್ ಒಬ್ಬರು ದೇವಕರೆಯ ಬಗ್ಗೆ ಹೇಳಿದರು. ಸರ್ವೇಶ್ವರ ಕೆಲವರನ್ನು ತನ್ನ ಸೇವೆಗೆ ಕರೆಯುತ್ತಾನೆ, ನಿಮ್ಮಲ್ಲಿ ಸಿಸ್ಟರ್ ಆಗಲು ಯಾರಿಗೆ ಆಸೆ, ಕೈ ಎತ್ತಿ ಎಂದರು. ನಾನು ಎತ್ತಿದೆ. ಸಾಯುವವರೆಗೂ ಪಾಠ ಹೇಳಬೇಕೆಂದರೆ ಮುಸುಕು ಹಾಕಲೇಬೇಕು ಎಂದು ನಾನು ನಂಬಿದ್ದೆ. ನಾನು ಕಂಡ ಪ್ರಪಂಚ ನನಗೆ ಅಷ್ಟನ್ನೇ ಹೇಳಿಕೊಟ್ಟಿತ್ತು. ಅದನ್ನು ನನ್ನ ತಪ್ಪು ಎಂದು ಇವತ್ತಿಗೂ ನಾನು ಒಪ್ಪುವುದಿಲ್ಲ.

ಆ ಒಂದು ಕೈ ಊರೆಲ್ಲ ಸುತ್ತಿತು. ಭಾನುವಾರ ನಾವು ಗುಡಿ ಎನ್ನುವ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಫಾದರ್ ನನ್ನ ತಲೆ ಮುಟ್ಟಿ ಆಶೀರ್ವಾದ ಮಾಡಿದರು. ಅಜ್ಜಿ ಕಣ್ಣೀರು ಸುರಿಸಿ, "ನಮ್ ಮನ್ಯಾಗೆ ಒಂದು ಮಗು ದೇವ್ರಿಗೆ ಓಯ್ತದೆ ಕಣವ್ವಾ," ಎಂದು ಸಾಲಿನ ಮನೆಗಳಿಗೆಲ್ಲ ಹೇಳಿಕೊಂಡು ಬಂದಳು. ಎಸ್ಸೆಸ್ಸೆಲ್ಸಿ ಮುಗಿದದ್ದೇ ತಡ, ನನ್ನನ್ನು ಸಿಸ್ಟರುಗಳ ಮಠಕ್ಕೆ ಸೇರಿಸಿದರು. ಸಿಸ್ಟರ್ ಆಗಲು ತಯಾರಾಗುವ ಹುಡುಗಿಯರ ಜೊತೆ ಅಲ್ಲೇ ಊಟ, ಅಲ್ಲೇ ನಿದ್ದೆ. ಮಠದವರದೇ ಹೆಂಗಸರ ಕಾಲೇಜಿನಲ್ಲಿ ಓದು. ಡಿಗ್ರಿ ಮುಗಿದ ಮೇಲೆ ಮುಸುಕು.

ಕಾಲೇಜಿನ ಎರಡನೇ ವರ್ಷ ನಮಗೆ ಗಣಿತ ಹೇಳಲು ಒಬ್ಬರು ಲೆಕ್ಚರರ್ ಬಂದರು. ಕೊರಳಲ್ಲಿ ತಾಳಿ, ಹೊಟ್ಟೆಯಲ್ಲಿ ಏಳು ತಿಂಗಳ ಕೂಸು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೋರ್ಡಿನ ಕೆಳತುದಿಗೆ ಬಗ್ಗಲಾಗದೆ ಮೇಲಿನರ್ಧದಲ್ಲೇ ಲೆಕ್ಕ ಬಿಡಿಸುತ್ತಿದ್ದರು. ನಾನು ಲೆಕ್ಕ ನೋಡಲಿಲ್ಲ, ಅವರನ್ನೇ ನೋಡಿದೆ. ಹೆರಿಗೆಗೆ ಹೋದರು. ಇನ್ನು ಇವರ ಕಥೆ ಮುಗಿಯಿತು ಅಂದುಕೊಂಡೆ. ರಜೆ ಮುಗಿಸಿ ತಿರುಗಿ ಬಂದು, ಬಿಟ್ಟ ಅಧ್ಯಾಯದಿಂದಲೇ ಶುರುಮಾಡಿದರು. ನನಗೆ ಎಂಥ ಸಿಟ್ಟು ಬಂತು! ಹೀಗೂ ಇರಬಹುದು ಎಂದು ಇಷ್ಟು ವರ್ಷ ಒಬ್ಬರಾದರೂ ನನಗೆ ಹೇಳಬಾರದಿತ್ತೇ?

ಮಠದ ಹಿರಿಯರಾದ ಮದರ್ ಕೋಣೆಗೆ ಹೋಗಿ ನೇರವಾಗಿ ಹೇಳಿದೆ. "ಮದರ್, ನನ್ನನ್ನ ದೇವರು ಕರೆದಿಲ್ಲ. ನಂಗೆ ಪಾಠ ಮಾಡ್ಬೇಕಿತ್ತು, ಅದಕ್ಕೆ ಕೈ ಎತ್ತಿದ್ದೆ."

ಮದರ್ ನಕ್ಕರು. "ಮದುವೆ ಆದ ಮೇಲೆ ಯಾವ ಗಂಡ ಬಿಡ್ತಾನೆ ಮಗಳೇ? ಇಲ್ಲಿದ್ರೆ ಸಾಯೋವರೆಗೂ ಪಾಠ ಮಾಡ್ಬಹುದು."

"ಬಿಡೋದಕ್ಕೆ ಅವನ್ಯಾರು ಮದರ್?" ಎಂದೆ. ಗಂಡ ಎಂಬುವವನು ಯಾರೆಂದೇ ಗೊತ್ತಿಲ್ಲದ ಕಾಲ ಅದು. ಆದರೂ ಅವನ ಮೇಲೆ ಜಗಳಕ್ಕೆ ನಿಂತಿದ್ದೆ.

ಟ್ರಂಕು ಹಿಡಿದು ಮನೆಗೆ ಬಂದ ದಿನ ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಗುಡಿಯಲ್ಲಿ ನಮ್ಮ ಬೆಂಚಿನ ಹಿಂದೆ ಪಿಸುಮಾತು, "ಮಠ ಬಿಟ್ಟು ಬಂದವ್ಳು." ಯಾರನ್ನೋ ನೋಡಿ ಬಿಟ್ಟಿರಬೇಕು ಎಂಬ ಅನುಮಾನ ಬೇರೆ. ನಾನು ತಲೆ ಬಗ್ಗಿಸಲಿಲ್ಲ, ಬೇಕೆಂದೇ ಮುಂದಿನ ಬೆಂಚಿಗೆ ಹೋಗಿ ಕೂತೆ. ಡಿಗ್ರಿ ಮುಗಿಸಿದೆ, ಬಿ.ಎಡ್ ಮಾಡಿದೆ. ನನ್ನ ಹಳೆಯ ಶಾಲೆಯಲ್ಲೇ ಗಣಿತಕ್ಕೆ ಜಾಗ ಖಾಲಿಯಿತ್ತು. ಅಷ್ಟು ಹೊತ್ತಿಗೆ ಹೆಡ್‌ಮಿಸ್ಟ್ರೆಸ್ ಆಗಿದ್ದವರು ನನಗೆ ಬೀಜಗಣಿತ ಕಲಿಸಿದ ಸಿಸ್ಟರ್, ಮಂಗಳೂರಿನ ಕಡೆಯವರು. ನನ್ನನ್ನು ನೋಡಿ, "ಮುಸುಕು ಇಲ್ಲದಿದ್ದರೆ ಏನಾಯಿತು, ತಲೆ ಉಂಟಲ್ಲ," ಎಂದು ಕೆಲಸ ಕೊಟ್ಟರು. ನಾನು ಅವರನ್ನು ಬಹಳ ಪ್ರೀತಿಸುತ್ತಿದ್ದೆ. ಮುಂದೆ ಅವರನ್ನೇ ಎದುರಿಸಬೇಕಾಗಿ ಬಂತಲ್ಲ ಎಂಬುದು ನನ್ನ ನೋವು.

ಮೂರು ವರ್ಷ ಕಳೆದ ಮೇಲೆ ಮದುವೆಯಾದೆ. ಒಂದು ವಾರ ರಜೆ ಹಾಕಿ, ಸೋಮವಾರ ಬಸ್ಸಿಳಿದು ಶಾಲೆಗೆ ಬಂದರೆ ಗೇಟಿನಲ್ಲೇ ವಾಸನೆ ಬಡಿಯಿತು, ಮಲ್ಲಿಗೆಯದೂ ಬೋಂಡಾದ್ದೂ. ಶಾಲೆಯ ಹಾಲ್‌ನಲ್ಲಿ ಕುರ್ಚಿ ಹಾಕಿದ್ದರು. ಹಾರ, ಪೇಪರಿನಲ್ಲಿ ಸುತ್ತಿದ ಉಡುಗೊರೆ. ನನ್ನ ಎಂಟನೇ ಕ್ಲಾಸಿನ ಹುಡುಗಿಯರಿಗೆ ಹಾಡು ಕಲಿಸಿ ನಿಲ್ಲಿಸಿದ್ದರು. ನನ್ನ ಜಾಗಕ್ಕೆ ಬಂದ ಹೊಸ ಮಿಸ್ ಮೂಲೆಯಲ್ಲಿ ನಾಚಿಕೊಂಡು ನಿಂತಿದ್ದರು. ನನ್ನನ್ನು ಒಂದು ಮಾತು ಕೇಳಿರಲಿಲ್ಲ.

"ಸಿಸ್ಟರ್, ನಾನು ರಾಜೀನಾಮೆ ಕೊಟ್ಟಿಲ್ಲ," ಎಂದೆ ಹೆಡ್‌ಮಿಸ್ಟ್ರೆಸ್‌ಗೆ.

"ಅದೆಲ್ಲ ಯಾರು ಕೇಳ್ತಾರೆ ಮಾರಾಯ್ತಿ, ಮದುವೆ ಆಯಿತಲ್ಲ. ಬಾ, ಕೂತ್ಕೋ. ಮಕ್ಕಳು ಕಾಯ್ತಾ ಇದ್ದಾರೆ."

"ಕೂರಲ್ಲ ಸಿಸ್ಟರ್."

ಸಿಸ್ಟರ್ ಹತ್ತಿರ ಬಂದು ಮೆಲ್ಲಗೆ, "ನಾಳೆ ಮಗು ಆದರೆ ಏನು ಮಾಡ್ತಿ?" ಎಂದರು.

"ರಜೆ ತಗೋತೀನಿ, ಆಮೇಲೆ ಬರ್ತೀನಿ. ಈ ಮಕ್ಕಳ ಅಮ್ಮಂದಿರು ಪೀಣ್ಯದಲ್ಲಿ ಗಾರ್ಮೆಂಟ್ಸ್ ಮಿಷನ್ ಮುಂದೆ ಕೂತಿಲ್ವಾ ಸಿಸ್ಟರ್? ಅವರಿಗೆ ಯಾರು ಹಾರ ಹಾಕಿ ಮನೆಗೆ ಕಳಿಸ್ತಾರೆ?"

ಹೊಸ ಮಿಸ್ ಪಾಪ, ಏನು ಮಾಡಬೇಕೆಂದು ತಿಳಿಯದೆ ಬೋಂಡಾದ ತಟ್ಟೆ ಹಿಡಿದುಕೊಂಡರು. ಆಮೇಲೆ ಅವರಿಗೆ ಚಿಕ್ಕ ಕ್ಲಾಸುಗಳನ್ನು ಕೊಟ್ಟರು, ಅವರೂ ಮದುವೆಯಾದ ಮೇಲೆ ಹೋಗಲಿಲ್ಲ. ಆದರೆ ಆ ಗಳಿಗೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ನನ್ನ ಕೆಲಸ ಉಳಿಯಿತೋ ಹೋಯಿತೋ ಎಂಬುದೇ ನನಗೆ ಗೊತ್ತಿರಲಿಲ್ಲ. ಹುಡುಗಿಯರಿಗೆ ಸಾಲಾಗಿ ಕ್ಲಾಸಿಗೆ ನಡೀರಿ ಎಂದೆ. ಅವರು ಸಿಸ್ಟರ್ ಮುಖ ನೋಡಿದರು, ನನ್ನ ಮುಖ ನೋಡಿದರು, ಕೊನೆಗೆ ಹೊರಟರು. ಸಿಸ್ಟರ್ ತಡೆಯಲಿಲ್ಲ.

ಬೋರ್ಡಿನ ಮೇಲೆ ತ್ರಿಕೋನ ಬರೆದು ತಿರುಗಿದಾಗ ಮೊದಲ ಬೆಂಚಿನ ಹುಡುಗಿ ಎದ್ದು ನಿಂತಿದ್ದಳು.

"ಮಿಸ್, ನಿಮ್ಗೆ ಮದ್ವೆ ಆಯ್ತಲ್ವಾ?"

"ಆಯ್ತು."

"ಮತ್ತೆ ಪಾಠ ಮಾಡ್ತಿದ್ದೀರಾ?"

"ಹೂಂ ಕಣಮ್ಮ. ನೀನೂ ಮಾಡ್ಬಹುದು. ಈಗ ಕೂತ್ಕೊಂಡು ಬರ್ಕೋ."